ಶಿಲ್ಕು ಎಲ್ಲಿ ಹೋಯಿತು?

(ಗಂಗಾವತಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮನೆ ಖರ್ಚು ಮತ್ತು ಸಾಲದ ಬಗ್ಗೆ ಆಡಿದ ಮಾತು. ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ. ಕೊನೆಯಲ್ಲಿ ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಒಗ್ಗರಣೆ-ಮಿರ್ಚಿ ತಿಂದು ಬಂದಿದ್ದೀರಿ. ಹೊರಗೆ ಬಿಸಿಲು ಏರುತ್ತಿದೆ, ಒಳಗೆ ಫ್ಯಾನು ಮೆಲ್ಲಗೆ ತಿರುಗುತ್ತಿದೆ. ನಿದ್ದೆ ಬಂದರೆ ನನಗೆ ಬೇಜಾರಿಲ್ಲ. ಅಂಕಿ ಬಂದಾಗ ಮಾತ್ರ ಪಕ್ಕದವರು ಎಬ್ಬಿಸಿ.

ನಾನು ಈ ಊರಿನ ಅಕ್ಕಿ ಮಿಲ್ಲುಗಳಲ್ಲಿ 26 ವರ್ಷ ಲೆಕ್ಕ ಬರೆದವನು. ಕಂಪ್ಯೂಟರ್ ಬರುವ ಮುಂಚೆ ಕೆಂಪು ರಟ್ಟಿನ ಉದ್ದನೆ ಪುಸ್ತಕ ಇರುತ್ತಿತ್ತು. ಅದಕ್ಕೆ ಕಿರ್ದಿ ಅನ್ನುತ್ತಿದ್ದೆವು. ದಿನದಲ್ಲಿ ಬಂದದ್ದು, ಹೋದದ್ದು ಎಲ್ಲ ಮೊದಲು ಕಿರ್ದಿಗೆ. ಆಮೇಲೆ ಯಾರದು ಅವರ ಖಾತೆಗೆ. ಸಂಜೆ ಗಲ್ಲಾ ಎಣಿಸಿದರೆ ಪುಸ್ತಕದ ಶಿಲ್ಕೂ, ಅಂದರೆ ಉಳಿಕೆಯೂ, ಕೈಯಲ್ಲಿರುವ ರೊಕ್ಕವೂ ತಾಳೆ ಆಗಬೇಕು. ಐದು ರೂಪಾಯಿ ಕಮ್ಮಿ ಬಂದರೂ ಮನೆಗೆ ಹೋಗುವಂತಿಲ್ಲ. ಒಂದು ಸಲ ಹನ್ನೆರಡು ರೂಪಾಯಿಗಾಗಿ ರಾತ್ರಿ ಹತ್ತೂವರೆ ತನಕ ಕೂತಿದ್ದೆವು. ಕೊನೆಗೆ ನೋಡಿದರೆ ಅದು ಹಮಾಲರಿಗೆ ತರಿಸಿದ ಚಹಾದ ದುಡ್ಡು. ಬರೆಯೋದು ಮರೆತಿದ್ದವನು ನಾನೇ.

ಇಷ್ಟೆಲ್ಲ ಶಿಸ್ತಿನ ಮನುಷ್ಯ ಮನೆಯಲ್ಲಿ ಒಂದು ಕಿರ್ದಿ ಇಟ್ಟಿರಲಿಲ್ಲ. ಸಾಹುಕಾರರ ಹನ್ನೆರಡು ರೂಪಾಯಿಗೆ ಕೂತವನು, ನನ್ನದು ಸಾವಿರಗಟ್ಟಲೆ ಎಲ್ಲಿ ಹೋಗುತ್ತೆ ಅಂತ ಕೇಳಿಕೊಳ್ಳಲಿಲ್ಲ. ಒಂದು ಬ್ಯಾಂಕಿನವರು ಕ್ರೆಡಿಟ್ ಕಾರ್ಡ್ ಕೊಟ್ಟರು. ಮಗಳ ಮದುವೆ ಹೊತ್ತಿಗೆ ಅದರಲ್ಲಿ 40,000 ಬಾಕಿ ನಿಂತಿತು. ಬಿಲ್ಲಿನಲ್ಲಿ ಎರಡು ಅಂಕಿ ಇದ್ದವು: ಪೂರ್ತಿ ಬಾಕಿ 40,000, ಕನಿಷ್ಠ ಕಟ್ಟಬೇಕಾದ್ದು 2,000. ನಾನು ಎರಡನೆಯದನ್ನೇ ನೋಡಿ ಕಟ್ಟುತ್ತಾ ಹೋದೆ. ಹೊತ್ತಿಗೆ ಸರಿಯಾಗಿ ಕಟ್ಟುತ್ತಿದ್ದೇನಲ್ಲ ಅಂತ ಒಳಗೊಳಗೇ ಜಂಬ ಬೇರೆ.

ಒಂದು ದಿನ ಹಳೇ ಚಾಳಿಯಂತೆ ಅದನ್ನು ಕಿರ್ದಿ ಮಾಡಿ ಬರೆದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ, ಅಂದರೆ 1,400. ಬಡ್ಡಿಯ ಮೇಲೆ ಜಿಎಸ್‌ಟಿ ನೂರಕ್ಕೆ 18, ಅದು 252. ಕಟ್ಟಿದ 2,000ದಲ್ಲಿ 1,652 ಅಲ್ಲಿಗೇ ಹೋಯಿತು. ಅಸಲಿಗೆ ಜಮಾ ಆದದ್ದು 348 ರೂಪಾಯಿ. ಬಾಕಿ ಪೂರ್ತಿ ಕಟ್ಟದವರಿಗೆ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ. ನಾನು ಅದೇ ಕಾರ್ಡಿನಲ್ಲಿ ಕಿರಾಣಿ ತರುತ್ತಿದ್ದೆ! ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಅಲ್ಲಿಂದ ಮನೆಯ ಕಿರ್ದಿ ಶುರುವಾಯಿತು. ಆಮೇಲೆ ಅಕ್ಕಪಕ್ಕದವರು ತಮ್ಮ ಲೆಕ್ಕ ತಂದು ತೋರಿಸೋಕೆ ಶುರು ಮಾಡಿದರು. ಇವತ್ತು ಹೇಳೋದು ಅಂಥ ಒಂದು ಮನೆಯ ಲೆಕ್ಕ. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. ಹೆಸರು ಕೇಳಬೇಡಿ.

ಗಂಡ ಮಿಲ್ಲಿನಲ್ಲಿ ಗುಮಾಸ್ತ, ಪಗಾರ 17,500. ಹೆಂಡತಿ ಮನೆಯಲ್ಲೇ ಬ್ಲೌಸು, ಲಂಗ ಹೊಲೀತಾರೆ, ಸರಾಸರಿ 4,500. ಗೃಹಲಕ್ಷ್ಮಿಯದು 2,000. ಒಟ್ಟು 24,000. ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ. ಆ ಅಕ್ಕ ಒಂದು ನೋಟ್‌ಬುಕ್ಕನ್ನು ಕ್ಯಾರಿಬ್ಯಾಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು ಅಂದರು: "ಅಣ್ಣಾರ, ಎಲ್ಲಾ ಬರ್ದೀನ್ರಿ. ಬರ್ದ್ರ ತಿಂಗಳಿಗೆ ಎಂಟ್ನೂರು ಉಳೀತೈತಿ. ಡಬ್ಬಿ ತೆಗೆದ್ರ ಏನೂ ಇರಂಗಿಲ್ಲ. ನನ್ನ ಲೆಕ್ಕ ತಪ್ಪೈತೋ, ಡಬ್ಬಿ ತಪ್ಪೈತೋ ನೋಡ್ರಿ."

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಮಿಲ್ಲಿನಲ್ಲಿ ನಾವು ದಿನಾ ಸಂಜೆ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ಅದು.

ನೋಟ್‌ಬುಕ್ಕಿನಲ್ಲಿ ಇದ್ದದ್ದು ಹೀಗೆ. ಬಾಡಿಗೆ 4,000. ಕಿರಾಣಿ 3,800. ಹಾಲು, ಕಾಯಿಪಲ್ಲೆ 2,500. ಗ್ಯಾಸು 900. ಪೆಟ್ರೋಲು 1,300. ಮೂರು ಫೋನಿಗೆ 900. ಸ್ಕೂಲ್ ಆಟೋ 600. ಅತ್ತೆಯ ಗುಳಿಗೆ 550. ಮನೆ ಖರ್ಚು ಇಲ್ಲಿಗೆ 14,550. ಆಮೇಲೆ ಸಾಲ. ಬೈಕಿನ ಕಂತು 2,900, ಇನ್ನೂ 14 ತಿಂಗಳು ಬಾಕಿ. ಮಹಿಳೆಯರ ಗುಂಪಿನ ಸಾಲ 2,450, ಇನ್ನೂ 11 ತಿಂಗಳು. ಫೋನಿನ ಕಂತು 1,500, ಐದು ತಿಂಗಳು. ಪರಿಚಯದವರ ಹತ್ತಿರ ತಂದ ಕೈಗಡ 60,000, ಅದರ ಬಡ್ಡಿ 1,800. ಸಾಲಕ್ಕೆ ಒಟ್ಟು 8,650. ಎರಡೂ ಸೇರಿ 23,200. ಉಳಿಯಬೇಕಾದ್ದು 800. ಕೂಡಿದ್ದರಲ್ಲಿ ಒಂದು ಪೈಸೆ ತಪ್ಪಿಲ್ಲ. ಕೂಡಬೇಕಾದ್ದು ಪುಸ್ತಕಕ್ಕೇ ಬಂದಿರಲಿಲ್ಲ.

ಮೊದಲು ಅವರ ಯಜಮಾನರ ಫೋನು ಇಸಕೊಂಡೆ. ಫೋನ್‌ಪೇ ತೆಗೆದು ಹಿಂದಿನ ತಿಂಗಳಿನದು ಮೇಲಿಂದ ಕೆಳಗೆ ನೋಡಿದೆವು. 88 ಸಲ ದುಡ್ಡು ಹೋಗಿತ್ತು. ಅದರಲ್ಲಿ 61 ಸಲ ನೂರು ರೂಪಾಯಿಗಿಂತ ಕಮ್ಮಿ. ಚಹಾ, ಮಿರ್ಚಿ, ಮಕ್ಕಳ ಕುರ್‌ಕುರೆ, ಪಂಕ್ಚರು, ಝೆರಾಕ್ಸು, ಮತ್ತೆ ಚಹಾ. ಬರೀ ಈ ಸಣ್ಣವನ್ನು ಕೂಡಿದರೆ 1,700. ಯಜಮಾನರು ನೆಲ ನೋಡುತ್ತಾ ಕೂತರು. ಅಕ್ಕ ಅವರನ್ನು ನೋಡುತ್ತಾ ಕೂತರು. ನಾನು ನೀರು ತರೋಕೆ ಒಳಗೆ ಹೋದೆ.

ಇಲ್ಲೊಂದು ಮಾತು ಹೇಳಬೇಕು. ಉಳಿತಾಯದ ಭಾಷಣ ಮಾಡುವವರೆಲ್ಲ ಇಲ್ಲೇ ಹಿಡಿದುಕೊಳ್ಳುತ್ತಾರೆ: ಚಹಾ ಬಿಡಿ, ಮಿರ್ಚಿ ಬಿಡಿ, ಶ್ರೀಮಂತರಾಗಿ ಅಂತ. ನನಗೆ ಈ ಮಾತು ಸರಿ ಕಾಣೋದಿಲ್ಲ. ಮಿಲ್ಲಿನ ಧೂಳಿನಲ್ಲಿ ಹತ್ತು ತಾಸು ದುಡಿದವನು ಒಂದು ಚಹಾ ಕುಡಿದರೆ ಮನೆ ಮುಳುಗೋದಿಲ್ಲ. 1,700ರಲ್ಲಿ 700 ಕಮ್ಮಿ ಮಾಡಬಹುದಿತ್ತು, ಮಾಡಿದರು, ಅಷ್ಟೇ. ಆದರೆ ಆ 1,700 ಪುಸ್ತಕಕ್ಕೆ ಬಂದ ಕೂಡಲೇ 800 ಉಳಿತಾಯ ಹೋಗಿ 900 ಕೊರತೆ ಆಯಿತು ನೋಡಿ. ಬರೆಯೋದು ಅದಕ್ಕಾಗಿ. ಚಹಾ ಕುಡಿದವನನ್ನು ಬಯ್ಯೋಕಲ್ಲ.

ದೊಡ್ಡ ತೂತು ಬೇರೆ ಕಡೆ ಇತ್ತು. "ಅಕ್ಕಾರ, ಹೋದ ವರ್ಷ ಈ ಹೊತ್ತಿನಿಂದ ಇಲ್ಲೀ ತನಕ ಒಂದೇ ಸಲ ಸಾವಿರದ ಮೇಲೆ ಖರ್ಚಾದದ್ದು ಏನೇನು? ತಿಂಗಳಿಂದು ಬ್ಯಾಡ, ಹಬ್ಬ ಹಿಡಿದು ನೆನಪು ಮಾಡ್ಕೊಳ್ರಿ" ಅಂದೆ. ನಮ್ಮ ಹೆಣ್ಣುಮಕ್ಕಳಿಗೆ ತಾರೀಖು ಮರೆಯಬಹುದು, ಹಬ್ಬ ಮರೆಯೋದಿಲ್ಲ. ಕಾರಹುಣ್ಣಿಮೆ ಮುಂಚೆ ಸ್ಕೂಲ್ ಫೀ, ಇಬ್ಬರದು 24,000. ಪಂಚಮಿಗೆ ಉಂಡಿ, ಸೀರೆ, ದೀಪಾವಳಿಗೆ ಬಟ್ಟೆ, ಒಟ್ಟು 12,000. ಮದುವೆ-ಮನೆ ಶಾಂತಿಗಳ ಮುಯ್ಯಿ 8,000. ಬೈಕಿನ ಇನ್ಶೂರೆನ್ಸು, ಟೈರು 4,500. ಹುಲಿಗೆಮ್ಮನ ಜಾತ್ರೆ, ಕೊಪ್ಪಳದ ಗವಿಮಠದ ಜಾತ್ರೆ, ತವರಿಗೆ ಹೋಗಿಬರೋದು 3,500. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತು ಅಂದರು, "ಬಂಗಾರದ್ದು ಬರ್ದಿಲ್ರಿ." ತಾಳಿಸರ ಬಿಟ್ಟು ಉಳಿದ ಬಂಗಾರವೆಲ್ಲ 80,000ಕ್ಕೆ ಅಡವು. ಒಂದು ರೂಪಾಯಿ ಬಡ್ಡಿ. ವರ್ಷಕ್ಕೊಮ್ಮೆ 9,600 ಬಡ್ಡಿ ಕಟ್ಟಿ ತಿರುವಿ ಹಾಕುತ್ತಿದ್ದರು. ತಿಂಗಳಿಗೆ ಬರೋದಿಲ್ಲ, ಅದಕ್ಕೆ ತಿಂಗಳ ಪುಸ್ತಕದಲ್ಲಿ ಇಲ್ಲ.

ಕೂಡಿದರೆ 61,600. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 5,133. ಮುಂಚಿನ 900 ಸೇರಿಸಿದರೆ ನಿಜವಾದ ಕೊರತೆ ತಿಂಗಳಿಗೆ 6,033, ವರ್ಷಕ್ಕೆ 72,400 ರೂಪಾಯಿ.

ಈಗ ಆ ಸಾಲಗಳನ್ನೇ ಮತ್ತೊಮ್ಮೆ ನೋಡಿ. ಕೈಗಡ ತಂದದ್ದು ಯಾವಾಗ? ಎರಡು ವರ್ಷದ ಹಿಂದೆ ಜೂನ್‌ನಲ್ಲಿ, ಸ್ಕೂಲು ಶುರುವಾಗುವಾಗ. ಗುಂಪಿನ ಸಾಲ ಎತ್ತಿದ್ದು? ಶ್ರಾವಣದಲ್ಲಿ. ಇವರಿಗೆ ಖರ್ಚಿನ ಚಟ ಇರಲಿಲ್ಲ. ಜೂನ್ ಪ್ರತಿ ವರ್ಷ ಬರುತ್ತೆ ಅಂತ ಪುಸ್ತಕಕ್ಕೆ ಗೊತ್ತಿರಲಿಲ್ಲ. ನಾನು ನೋಡಿದ ಹತ್ತು ಮನೆಗಳಲ್ಲಿ ಏಳೆಂಟರ ಕಥೆ ಇದೇ. ತಿಂಗಳ ಬಜೆಟ್ ಅಂತ ಬರೀತಾರೆ, ಅದರಲ್ಲಿ ತಿಂಗಳು ಮಾತ್ರ ಇರುತ್ತೆ, ವರ್ಷ ಇರೋದಿಲ್ಲ. ವರ್ಷ ಸಾಲದ ರೂಪದಲ್ಲಿ ಬರುತ್ತೆ.

ಹಾಗಾಗಿ ನಾಳೆ ಮನೆಯಲ್ಲಿ ಮಾಡುವವರು ಮುಂದಿನ ತಿಂಗಳ ಯೋಜನೆ ಬರೆಯೋಕೆ ಕೂರಬೇಡಿ. ಹಿಂದಿನ ಮೂರು ತಿಂಗಳದ್ದು ತೆಗೆದು ಓದಿ. ಪಾಸ್‌ಬುಕ್ಕು, ಫೋನು, ಕಿರಾಣಿ ಅಂಗಡಿಯ ಉದ್ರಿ ಚೀಟಿ. ಆಮೇಲೆ ಹಬ್ಬ ಹಿಡಿದು ಇಡೀ ವರ್ಷ. ಮುಂದಿನದಕ್ಕೆ ನಾವೆಲ್ಲ ಸುಳ್ಳು ಬರೀತೀವಿ: ಪೆಟ್ರೋಲು 800 ಸಾಕು, ಹೋಟೆಲು ಬೇಡ ಅಂತ. ಹಿಂದಿನದು ಸುಳ್ಳು ಹೇಳೋಕೆ ಬಿಡೋದಿಲ್ಲ.

ಫೋನ್ ರೀಚಾರ್ಜ್ ಒಂದೇ ನೋಡಿ. ತಿಂಗಳಿಗೆ 900 ಅಂತ ಬರೆದಿದ್ದರು. ಪ್ಯಾಕು 28 ದಿನದ್ದು. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ಒಂದು ತಿಂಗಳ 900 ಯಾರ ಲೆಕ್ಕದಲ್ಲೂ ಇಲ್ಲದೆ ಹೋಗುತ್ತೆ. ಮನೆಯಲ್ಲೇ ಇರುವ ಅಜ್ಜಿಗೆ ದಿನಾ ಒಂದೂವರೆ ಜಿಬಿ ಯಾಕೆ ಬೇಕು? ಅತ್ತೆಯ ಫೋನಿಗೆ ಬರೀ ಮಾತಾಡುವ ಪ್ಯಾಕು, ಉಳಿದೆರಡಕ್ಕೆ ಸಣ್ಣ ಪ್ಯಾಕು ಹಾಕಿಸಿದರು. ತಿಂಗಳಿಗೆ ಹೆಚ್ಚುಕಮ್ಮಿ 300 ಉಳಿಯಿತು. ಅತ್ತೆ ಎರಡು ದಿನ ಮಾತು ಬಿಟ್ಟರಂತೆ. ಧಾರಾವಾಹಿ ಫೋನಲ್ಲೇ ನೋಡುತ್ತಿದ್ದರು, ಪಾಪ.

ಇನ್ನು ಸಾಲ. ಸಾಲವನ್ನು ನಾವು ಕಂತಿನಿಂದ ಗುರುತು ಹಿಡೀತೀವಿ. "ತಿಂಗಳಿಗೆ ಎಷ್ಟು ಬರ್ತೈತಿ?" ಅಂತಲೇ ಕೇಳೋದು. ಕಂತು ಸಣ್ಣದಾದರೆ ಸಾಲವೂ ಸಣ್ಣದು ಅನ್ನಿಸುತ್ತೆ. ಈ ಮನೆಯಲ್ಲಿ ಅಕ್ಕನಿಗೆ ಹೆದರಿಕೆ ಇದ್ದದ್ದು 2,900ರ ಬೈಕ್ ಕಂತಿನದು. 1,800ರ ಕೈಗಡ ಹಗುರ ಅನ್ನಿಸಿತ್ತು. ಬೈಕಿನದು 14 ತಿಂಗಳಿಗೆ ಮುಗಿಯುತ್ತೆ. ಕೈಗಡ ಎಂದಿಗೂ ಮುಗಿಯೋದಿಲ್ಲ, ಕಟ್ಟುತ್ತಿದ್ದದ್ದು ಬರೀ ಬಡ್ಡಿ. ಎರಡು ವರ್ಷದಲ್ಲಿ 43,200 ಕೊಟ್ಟಿದ್ದಾರೆ, 60,000 ಹಾಗೇ ನಿಂತಿದೆ.

ನಮ್ಮ ಕಡೆ ಬಡ್ಡಿಯನ್ನು ರೂಪಾಯಿಯಲ್ಲಿ ಹೇಳುವ ರೂಢಿ. ಒಂದು ರೂಪಾಯಿ ಬಡ್ಡಿ, ಎರಡು ರೂಪಾಯಿ ಬಡ್ಡಿ. ಕಿವಿಗೆ ಬಹಳ ಸಣ್ಣದು. ಅದು ನೂರಕ್ಕೆ, ತಿಂಗಳಿಗೆ. ಹನ್ನೆರಡರಿಂದ ಗುಣಿಸಿ. ಎರಡು ರೂಪಾಯಿ ಅಂದರೆ ವರ್ಷಕ್ಕೆ 24, ಮೂರು ರೂಪಾಯಿ ಅಂದರೆ 36. ಬ್ಯಾಂಕಿನವನು ವರ್ಷದ್ದು 11 ಅಂದರೆ "ಅಬ್ಬಾ, ಹನ್ನೊಂದಾ?" ಅಂತೀವಿ, ಪರಿಚಯದವನು ತಿಂಗಳದ್ದು ಮೂರು ಅಂದರೆ "ಮೂರೇ ಅಲ್ವಾ" ಅಂತೀವಿ.

ಇನ್ನೊಂದು ಮೋಸ ಫ್ಲ್ಯಾಟ್ ಬಡ್ಡಿಯದು. ಶೋರೂಮಿನಲ್ಲಿ ಕೂತವನು "ಒಂದೇ ರೂಪಾಯಿ ಸರ್" ಅಂತಾನೆ. 60,000 ಸಾಲ, 24 ತಿಂಗಳು. ತಿಂಗಳಿಗೆ 600ರಂತೆ ಬಡ್ಡಿ 14,400. ಒಟ್ಟು 74,400, ಕಂತು 3,100. ಲೆಕ್ಕ ನೇರ ಕಾಣುತ್ತೆ. ಆದರೆ ವರ್ಷ ಕಳೆದ ಮೇಲೆ ನಿಮ್ಮ ಹತ್ತಿರ ಅವರ 60,000 ಇರೋದಿಲ್ಲ, ಅರ್ಧ ವಾಪಸ್ ಕೊಟ್ಟಿರುತ್ತೀರಿ. ಬಡ್ಡಿ ಮಾತ್ರ ಪೂರ್ತಿ 60,000ದ ಮೇಲೆಯೇ ಹಿಡಿದಿರುತ್ತಾರೆ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಆ ಒಂದು ರೂಪಾಯಿ ಬಡ್ಡಿ ನಿಜಕ್ಕೆ ಒಂದು ರೂಪಾಯಿ ಎಂಬತ್ತು ಪೈಸೆ, ವರ್ಷಕ್ಕೆ 21ರ ಮೇಲೆ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಬ್ಯಾಂಕಿರಲಿ, ಫೈನಾನ್ಸ್ ಕಂಪನಿ ಇರಲಿ, ಇಂಥ ಸಾಲ ಕೊಡುವಾಗ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಬೇಕು, ಸಾಲ ತಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತೆ. ಬಡ್ಡಿ, ಪ್ರೊಸೆಸಿಂಗ್ ಫೀ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅಂತ ಹೇಳುವ ಅಂಕಿ. ಸಹಿ ಮಾಡುವ ಮುಂಚೆ ಬೆರಳಿಟ್ಟು ಆ ಸಾಲು ತೋರಿಸಿ ಅನ್ನಿ.

ಈಗ ಆ ಮನೆಗೆ ವಾಪಸ್ ಬರೋಣ. ಅಡವಿಟ್ಟ ಬಂಗಾರ ಹಳೇ ರೇಟಿನಲ್ಲಿ ಇಟ್ಟದ್ದು. ಅದೇ ಬಂಗಾರದ ಮೇಲೆ ಇನ್ನೂ 60,000 ಸಿಗುತ್ತಿತ್ತು, ಒಂದು ರೂಪಾಯಿ ಬಡ್ಡಿಗೆ. ಅದನ್ನು ತಂದು ಮೂರು ರೂಪಾಯಿ ಬಡ್ಡಿಯ ಕೈಗಡ ತೀರಿಸಿ ಅಂದೆ. ಬಡ್ಡಿ 1,800 ಇದ್ದದ್ದು 600ಕ್ಕೆ ಇಳಿಯಿತು. ಸಾಲ ತೀರಿಸೋಕೆ ಸಾಲವೇ ಅಂತ ನೀವು ಕೇಳಬಹುದು. ಬಡ್ಡಿ ಕಮ್ಮಿ ಆಗುತ್ತೆ ಅಂದರೆ, ಹಳೆಯದು ಅವತ್ತೇ ತೀರುತ್ತೆ ಅಂದರೆ ಮಾತ್ರ ಹೌದು. ಕೈಗೆ ದುಡ್ಡು ಬಂದು ನಾಲ್ಕು ದಿನ ಮನೆಯಲ್ಲಿ ಇತ್ತೋ, ಎರಡೂ ಸಾಲ ನಿಮ್ಮವೇ. ಬಂಗಾರದ ಸಾಲಕ್ಕೂ ಹಲ್ಲಿದೆ. ಕಟ್ಟದಿದ್ದರೆ ಹರಾಜಿಗೆ ಹೋಗುತ್ತೆ. ಯಜಮಾನರು ಬ್ಯಾಂಕಿನಿಂದ ನೇರ ಕೈಗಡ ಕೊಟ್ಟವರ ಮನೆಗೆ ಹೋಗಿ, ಕೊಟ್ಟು, ಸಾಲಕ್ಕೆ ಭದ್ರತೆ ಅಂತ ಕೊಟ್ಟಿದ್ದ ಖಾಲಿ ಚೆಕ್ಕು ವಾಪಸ್ ಇಸಕೊಂಡು ನನ್ನ ಮುಂದೆ ಹರಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಬಡ್ಡಿ 600 ಆದರೂ ನೀವು 1,800 ಕಟ್ಟೋದು ಬಿಡಬೇಡಿ, 41 ತಿಂಗಳಿಗೆ ಅಸಲು ಸಮೇತ ಮುಗಿಯುತ್ತೆ" ಅಂದೆ. ಲೆಕ್ಕ ಸರಿ. ಅಕ್ಕ ಒಪ್ಪಲಿಲ್ಲ. "ಅಣ್ಣಾರ, ಮೊದಲು ಜೂನ್ ದಾಟ್ಬೇಕ್ರಿ. ಆ ಹನ್ನೆರಡ್ನೂರು ಫೀಸಿಗೆ ಎತ್ತಿ ಇಡ್ತೀನಿ. ಇಲ್ಲಾಂದ್ರ ಮತ್ತ ಅದೇ ಮನಿ ಬಾಗ್ಲಿಗೆ ಹೋಗ್ಬೇಕು." ಮನೆ ನಡೆಸುವವರಿಗೆ ಗೊತ್ತಿರುವ ಲೆಕ್ಕ ಅದು. ನಾನು ಅಸಲು ನೋಡುತ್ತಿದ್ದೆ, ಅವರು ಮುಂದಿನ ಸಾಲ ಎಲ್ಲಿ ಹುಟ್ಟುತ್ತೆ ಅಂತ ನೋಡುತ್ತಿದ್ದರು. ಅವರು ಹೇಳಿದ್ದೇ ಸರಿ.

ಆಮೇಲೆ ಮೂವರೂ ಸೇರಿ ಕಂತುಗಳು ಮುಗಿಯುವ ತಿಂಗಳು ಬರೆದೆವು. ಐದು ತಿಂಗಳಿಗೆ ಫೋನು, 1,500 ಬಿಡುಗಡೆ. ಹನ್ನೊಂದಕ್ಕೆ ಗುಂಪಿನ ಸಾಲ, 2,450. ಹದಿನಾಲ್ಕಕ್ಕೆ ಬೈಕು, 2,900. ಒಟ್ಟು 6,850. ಕೊರತೆ ಎಷ್ಟಿತ್ತು? 6,033. ಅಂದರೆ ಇವರು ಏನೂ ಪವಾಡ ಮಾಡಬೇಕಿಲ್ಲ. 14 ತಿಂಗಳು ಹೊಸ ಸಾಲ ಮಾಡದೆ ದಾಟಬೇಕು, ಅಷ್ಟೇ. ಆ ಹಾಳೆ ನೋಡಿ ಯಜಮಾನರ ಮುಖ ಮೊದಲ ಸಲ ಸಡಿಲಾಯಿತು.

ದಾಟೋದು ಹೇಗೆ? ಕೈಗಡದ ಬಡ್ಡಿಯಲ್ಲಿ 1,200. ಸಣ್ಣ ಖರ್ಚಿನಲ್ಲಿ 700. ಫೋನಲ್ಲಿ 300. ಪೆಟ್ರೋಲಲ್ಲಿ 400, ಯಾಕೆಂದರೆ ಅಕ್ಕ ಕಾರಟಗಿಯಲ್ಲಿರುವ ತವರಿಗೆ ಬೈಕ್ ಬಿಟ್ಟು ಬಸ್ಸಿನಲ್ಲಿ ಹೋಗತೊಡಗಿದರು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಅಲ್ವಾ. ಹಬ್ಬ ಮತ್ತು ಮುಯ್ಯಿ ಸೇರಿ 20,000 ಇದ್ದದ್ದನ್ನು 11,000 ಮಾಡಿದರು, ತಿಂಗಳಿಗೆ 750 ಬಿತ್ತು.

ಈ ಮುಯ್ಯಿಯ ಬಗ್ಗೆ ಒಂದು ಗಂಟೆ ಬೇಕಾದರೂ ಮಾತಾಡಬಹುದು. ನಮ್ಮಲ್ಲಿ ಯಾವ ಲೆಕ್ಕ ಇಡದ ಮನೆಯಲ್ಲೂ ಮುಯ್ಯಿ ಪುಸ್ತಕ ಇರುತ್ತೆ! ಮದುವೆಯಲ್ಲಿ ಪೆನ್ನು ಹಿಡಿದು ಒಬ್ಬರು ಕೂತೇ ಇರುತ್ತಾರೆ: ಇಂಥ ಊರಿನ ಇಂಥವರು 501, ಒಂದು ಸ್ಟೀಲ್ ಬೋಗಾಣಿ. ಹದಿನೈದು ವರ್ಷ ಆದಮೇಲೂ ಅದನ್ನು ತೆಗೆದು ನೋಡಿ ಅಷ್ಟೇ, ಇಲ್ಲ ಸ್ವಲ್ಪ ಜಾಸ್ತಿ ವಾಪಸ್ ಹಾಕುತ್ತೀವಿ. ಕಿರ್ದಿ ಬರೆಯೋಕೆ ಬರೋದಿಲ್ಲ ಅಂತ ಯಾರಾದರೂ ಅಂದರೆ ನಾನು ನಂಬೋದಿಲ್ಲ. ಮುಯ್ಯಿಗೆ ಹೋಗಬೇಡಿ ಅಂತ ನಾನು ಹೇಳಲಾರೆ, ನಾನೇ ಹೋಗುತ್ತೇನೆ. ಅವರು ಮಾಡಿದ್ದು ಇಷ್ಟು: ಪುಸ್ತಕದಲ್ಲಿ ತಮಗೆ ಹಾಕಿದವರಿಗೆ ಹಾಕಿದರು, ಸುಮ್ನೆ ನಾಲ್ಕು ಜನ ನೋಡಲಿ ಅಂತ ಏರಿಸಿ ಹಾಕುತ್ತಿದ್ದದ್ದು ನಿಲ್ಲಿಸಿದರು.

ಒಟ್ಟು 3,350 ಆಯಿತು. ಸಾಲದು. ಆಗ ನನಗೆ ಅವರ ಹೊಲಿಗೆ ಮಿಷಿನ್ ಪಕ್ಕದ ಗೋಡೆ ನೆನಪಾಯಿತು. ಒಮ್ಮೆ ಅವರ ಮನೆಗೆ ಹೋದಾಗ ನೋಡಿದ್ದೆ. ಸೀಮೆಸುಣ್ಣದಲ್ಲಿ ಹೆಸರು, ಹೆಸರಿನ ಮುಂದೆ ಅಂಕಿ. ಉದ್ರಿ ಹೊಲಿದ ಬ್ಲೌಸುಗಳ ಲೆಕ್ಕ. ಕೂಡಿಸಿದರೆ 7,400 ಬರಬೇಕಿತ್ತು. ತಾವು ಕೊಡಬೇಕಾದ್ದು ಪುಸ್ತಕದಲ್ಲಿ, ತಮಗೆ ಬರಬೇಕಾದ್ದು ಗೋಡೆ ಮೇಲೆ! ಕೇಳೋಕೆ ನಾಚಿಕೆ. ಕೊನೆಗೆ ಮಗಳನ್ನು ಮನೆಮನೆಗೆ ಕಳಿಸಿ 5,100 ತರಿಸಿದರು. ಅವತ್ತಿನಿಂದ ಬ್ಲೌಸು ಕೈಗೆ ಕೊಡುವಾಗಲೇ ರೋಖ. ಇಬ್ಬರು ಗಿರಾಕಿ ಬಿಟ್ಟುಹೋದರು, ಹೋಗಲಿ ಬಿಡಿ. ಮದುವೆ ಕಾಲದಲ್ಲಿ ಕೆಲಸ ಜಾಸ್ತಿ ಮಾಡಿ ಸರಾಸರಿ ಇನ್ನೊಂದು ಸಾವಿರ ಸೇರಿಸಿದರು. ಆದರೂ ಹನ್ನೊಂದು ತಿಂಗಳಲ್ಲಿ 4,400ರಷ್ಟು ಕಮ್ಮಿ ಬಿತ್ತು. ತವರಿನ ಅಣ್ಣ 5,000 ಕೊಟ್ಟರು, ಬಡ್ಡಿ ಇಲ್ಲದೆ. ಅದೂ ಪುಸ್ತಕದಲ್ಲಿದೆ, ಅಣ್ಣನ ಹೆಸರಿನ ಖಾತೆಯಲ್ಲಿ.

ಯಾವುದನ್ನು ಮುಟ್ಟಬೇಡಿ ಅಂದೆ? ಅತ್ತೆಯ ಗುಳಿಗೆ. ಮಕ್ಕಳ ಹಾಲು. ವರ್ಷಕ್ಕೆ 436 ಮತ್ತು 20 ರೂಪಾಯಿ ಖಾತೆಯಿಂದ ಕಡಿತ ಆಗುವ ಜೀವನ ಜ್ಯೋತಿ ಮತ್ತು ಸುರಕ್ಷಾ ವಿಮೆ. ಎರಡೆರಡು ಲಕ್ಷದ ವಿಮೆ ಅವು. 456 ಉಳಿಸೋಕೆ ಹೋಗಿ ನಿಲ್ಲಿಸಿದವರನ್ನು ನೋಡಿದ್ದೇನೆ. ಕರೆಂಟಿಗೆ ಗೃಹಜ್ಯೋತಿ ಇದೆ, ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಕೂಲರು ಹಗಲು ರಾತ್ರಿ ತಿರುಗುತ್ತೆ, ಆ ಎರಡು ತಿಂಗಳು ಮೀಟರ್ ಮೇಲೆ ಕಣ್ಣಿರಲಿ.

ಹನ್ನೊಂದನೇ ತಿಂಗಳಲ್ಲಿ ನಿಜವಾದ ಪರೀಕ್ಷೆ ಬಂತು. ಗುಂಪಿನ ಸಾಲದ ಕೊನೇ ಕಂತು ಕಟ್ಟಿದ ದಿನವೇ ಕಂಪನಿಯ ಹುಡುಗ ಟ್ಯಾಬು ಹಿಡಿದು ಅಂದನಂತೆ, "ಅಕ್ಕಾ, ನಿಮ್ಮ ರೆಕಾರ್ಡ್ ಭಾಳ ಚೊಲೋ ಐತ್ರಿ. ಈ ಸಲ ಎಂಬತ್ತು ಸಾವಿರ ಮಂಜೂರಾಗೈತಿ. ಇಲ್ಲೊಂದು ಹೆಬ್ಬೆಟ್ಟು ಇಡ್ರಿ ಸಾಕು." ಅಕ್ಕ ನನಗೆ ಫೋನ್ ಮಾಡಿದರು. ನಾನು ಏನೂ ಹೇಳಲಿಲ್ಲ. "ಪುಸ್ತಕ ತೆಗೆದು ನೋಡಿ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಆ ಕಡೆಯಿಂದ, "ಬ್ಯಾಡಂತ ಹೇಳೀನ್ರಿ."

ಗುಂಪಿನ ಸಾಲದಲ್ಲಿರುವ ಅಕ್ಕಂದಿರು ಇಲ್ಲಿ ಬಹಳ ಜನ ಇದ್ದೀರಿ, ಅದಕ್ಕೆ ನಿಯಮ ಚುಟುಕಾಗಿ ಹೇಳಿಬಿಡುತ್ತೇನೆ. ವರ್ಷಕ್ಕೆ ಮೂರು ಲಕ್ಷದ ಒಳಗೆ ವರಮಾನ ಇರುವ ಮನೆಗೆ, ಅಡವಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ ಮೈಕ್ರೋಫೈನಾನ್ಸ್ ಸಾಲ ಅನ್ನುತ್ತೆ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು, ದಾಟುವಂತಿದ್ದರೆ ಹೊಸ ಸಾಲ ಕೊಡುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ವಸೂಲಿಗೆ ಬೆಳಿಗ್ಗೆ ಒಂಬತ್ತಕ್ಕಿಂತ ಮುಂಚೆ, ಸಂಜೆ ಆರರ ಮೇಲೆ ಬರುವಂತಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಮನೆ ಮುಂದೆ ನಿಂತು ಕೂಗಾಡಿದರೆ ಸುಮ್ಮನೆ ಕೂರಬೇಡಿ, ಪೊಲೀಸ್ ಸ್ಟೇಷನ್ನಿಗೆ ಹೋಗಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಇದಕ್ಕೆಲ್ಲ ಆ್ಯಪ್ ಅದಾವಲ್ರಿ, ಪುಸ್ತಕ ಯಾಕ?" ಆ್ಯಪ್ ಇಟ್ಟುಕೋ ತಮ್ಮಾ, ಬೇಡ ಅನ್ನೋದಿಲ್ಲ. ನನ್ನದೊಂದೇ ತಕರಾರು. ಆ್ಯಪು ನಿನ್ನ ಫೋನಲ್ಲಿ ಇರುತ್ತೆ. ಪುಸ್ತಕ ಅಡುಗೆ ಮನೆ ಗೂಡಿನಲ್ಲಿ ಇದ್ದರೆ ನಿನ್ನ ಅವ್ವನೂ ನೋಡ್ತಾಳೆ, ತಂಗಿಯೂ ನೋಡ್ತಾಳೆ. ಆ 61 ಸಣ್ಣ ಖರ್ಚು ಒಬ್ಬರ ಫೋನಿನೊಳಗೆ ಇದ್ದದ್ದಕ್ಕೇ ಎರಡು ವರ್ಷ ಯಾರಿಗೂ ಕಂಡಿರಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. "ಸರ, ನೀವು ಹೇಳಿದ್ದೆಲ್ಲಾ ಪಗಾರದವ್ರಿಗಾತು. ನಾವು ಭತ್ತ ಬೆಳೆಯೋರು. ಆರು ತಿಂಗಳಿಗೊಮ್ಮೆ ರೊಕ್ಕ ನೋಡ್ತೀವಿ. ನಮಗೇನು ತಿಂಗಳ ಬಜೆಟ್ಟು?"

ನಿಜ ಹೇಳಬೇಕೆಂದರೆ ಮನೆಯಿಂದ ಹೊರಡುವಾಗ ಈ ಪ್ರಶ್ನೆಗೇ ಹೆದರಿದ್ದೆ. ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ನಂಬಿದವರ ಲೆಕ್ಕ ಕಾಲುವೆಯ ಹಾಗೇ ಇರುತ್ತೆ, ಬಂದರೆ ತುಂಬಿ ಬರುತ್ತೆ. ಬೆಳೆ ಮಾರಿದ ದುಡ್ಡನ್ನು ಜನ ಆರು ತಿಂಗಳಿಗೆ ಹಂಚುತ್ತಾರೆ, ಮುಂದೆ ಇನ್ನೊಂದು ಬೆಳೆ ಇದೆಯಲ್ಲ ಅಂತ. ಆದರೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ನಾವು ನೋಡಿಲ್ವಾ? 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಗಂಗಾವತಿ ನಿದ್ದೆ ಮಾಡಲಿಲ್ಲ. ಅದಕ್ಕೆ ಅವರಿಗೆ ಅಂದೆ: ಯಜಮಾನ್ರ, ಆರರಿಂದ ಭಾಗಿಸಬ್ಯಾಡ್ರಿ, ಹನ್ನೆರಡರಿಂದ ಭಾಗಿಸ್ರಿ. ಎರಡನೇ ಬೆಳೆ ಬಂದರೆ ಅದು ಸಾಲಕ್ಕೆ. ಇನ್ನೊಂದು, ದಲಾಲಿ ಅಂಗಡಿಯಲ್ಲಿ ಎರಡು ರೂಪಾಯಿ ಬಡ್ಡಿಗೆ ಗೊಬ್ಬರದ ದುಡ್ಡು ಎತ್ತುವ ಮುಂಚೆ ಕಿಸಾನ್ ಕಾರ್ಡಿನ ಬೆಳೆ ಸಾಲ ಕೇಳಿ. ಮೂರು ಲಕ್ಷದ ತನಕ ವರ್ಷಕ್ಕೆ 7, ಹೊತ್ತಿಗೆ ಕಟ್ಟಿದರೆ 3 ವಾಪಸ್, ಕೊನೆಗೆ ಬೀಳೋದು 4. ಅಲ್ಲಿ 24, ಇಲ್ಲಿ 4.

ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಅಂದರು, "ಅದು ಗೊತ್ತೈತ್ರಿ ಸರ. ಆದ್ರ ದಲಾಲಿ ರಾತ್ರಿ ಹತ್ತಕ್ಕ ಹೋದ್ರೂ ಕೊಡ್ತಾನ. ಬ್ಯಾಂಕಿನವ್ರು ಪಹಣಿ ತಾ, ನಕಾಶಿ ತಾ, ನಾಳೆ ಬಾ ಅಂತಾರ."

ಸಭೆಯೆಲ್ಲ ನಕ್ಕಿತು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಪಹಣಿ ಯಾವ ಹೆಸರಿನಲ್ಲಿದೆ ಅಂತ ಕೇಳಿದೆ. ತೀರಿಹೋದ ಅವರ ಅಪ್ಪನ ಹೆಸರಿನಲ್ಲೇ ಇತ್ತು. ಸೋಮವಾರ ಹನ್ನೊಂದಕ್ಕೆ ನಾಡ ಕಚೇರಿ ಹತ್ತಿರ ಬನ್ನಿ, ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅರ್ಜಿ ಸೇರಿ ಬರೆಯೋಣ ಅಂದೆ. ಬಂದಿದ್ದರು. ಅರ್ಜಿ ಕೊಟ್ಟು ಹೊರಗೆ ಬಂದಮೇಲೆ ಚಹಾ ಕುಡಿದೆವು, 20 ರೂಪಾಯಿ ಅವರೇ ಕೊಟ್ಟರು. ಬರೆದುಕೊಂಡರೋ ಇಲ್ಲವೋ, ನಾನು ಕೇಳಲಿಲ್ಲ.